ಇಂಫಾಲದಿಂದ ಬಂದ ಬಿಳಿ ತಟ್ಟು

ಮೇಜರ್ ಹೆಂಡತಿಗೆ ಕನ್ನಡ ಹೇಳಿಕೊಡೋಕೆ ಒಬ್ಬಳು ಹೆಣ್ಣುಮಗಳು ಬೇಕಂತೆ ಅನ್ನೋ ಸುದ್ದಿ ಅಮೃತೂರಿಗೆ ಬಂದಾಗ ನಾನು ಟಿ.ಸಿ.ಎಚ್. ಮುಗಿಸಿ ಮನೆಯಲ್ಲಿ ಕೂತಿದ್ದೆ. ತೊಂಬತ್ತರ ದಶಕದ ನಡುಭಾಗ. ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದವರೆಲ್ಲ ಕಾಯುತ್ತಿದ್ದ ಕಾಲ. ಅಮ್ಮ ಬ್ಲೌಸ್ ಹೊಲಿಯುತ್ತಾ, "ಹೋಗಿ ನೋಡ್ಕೊಂಡ್ ಬಾ, ತಿಂದಾಕ್ಬುಡ್ತಾರಾ" ಅಂದಳು.

ಮೇಜರ್ ಅಂದರೆ ಮಿಲಿಟರಿಯಿಂದ ರಿಟೈರ್ ಆಗಿ ಬಂದು, ಅಮೃತೂರಿನಾಚೆ ತಮ್ಮ ಅಪ್ಪನ ತೆಂಗಿನ ತೋಟದ ಪಕ್ಕದಲ್ಲೇ ಕುದುರೆ ಸಾಕಲು ಶುರುಮಾಡಿದ್ದ ಮನುಷ್ಯ. ಕುಣಿಗಲ್ ಅಂದರೆ ಜನಕ್ಕೆ ಕುದುರೆಯೇ ನೆನಪಾಗುವುದು. ಆದರೆ ಇವರದು ಆ ಹೆಸರುವಾಸಿ ಫಾರಂ ಅಲ್ಲ. ಒಂದಷ್ಟು ರೇಸಿನ ಹೆಣ್ಣುಕುದುರೆಗಳು, ಒಂದು ದೊಡ್ಡ ಗಂಡುಕುದುರೆ, ಹೆಂಚಿನ ಲಾಯ, ಅದರೆದುರು ಉದ್ದ ವರಾಂಡಾದ ಮನೆ. ಮೇಜರ್ ಇಂಫಾಲದಲ್ಲಿದ್ದಾಗ ಅಲ್ಲಿನವರನ್ನೇ ಮದುವೆಯಾಗಿದ್ದರು. ಅಮೃತೂರಿನಲ್ಲಿ ಆಕೆಯನ್ನು ನೇಪಾಳಿ ಅಮ್ಮ ಅನ್ನುತ್ತಿದ್ದರು. ಮಣಿಪುರ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ, ನನಗೂ.

ಮೊದಲ ದಿನ ನಾನು ಸ್ಲೇಟು, ಅಕ್ಷರಮಾಲೆ ಪುಸ್ತಕ ತಗೊಂಡು ಹೋಗಿದ್ದೆ. ಆಕೆಗೆ ಮೂವತ್ತೈದರ ಆಸುಪಾಸು. ಸೊಂಟಕ್ಕೆ ಅಡ್ಡಪಟ್ಟೆಯ ನೇಯ್ಗೆಯ ಲುಂಗಿಯಂಥ ಬಟ್ಟೆ ಸುತ್ತಿದ್ದರು, ಅದಕ್ಕೆ ಫನೆಕ್ ಅನ್ನುತ್ತಾರೆ. ಪುಸ್ತಕವನ್ನು ತೆಗೆದು ಬದಿಗಿಟ್ಟು, "ಓದೋದು ಬೇಡ. ಮಾತು ಬೇಕು" ಅಂತ ಹಿಂದಿಯಲ್ಲಿ ಹೇಳಿದರು. ಯಾವ ಮಾತು ಅಂದೆ. ಆಕೆ ಮೊದಲೇ ಯೋಚಿಸಿಟ್ಟುಕೊಂಡಿದ್ದರು. ನೀರು ಕೊಡಿ. ನಿಲ್ಲಿಸಿ. ಹೊಡೀಬೇಡಿ. ಬಿಡಿ.

ನಾನು ಹೇಳಿದ್ದನ್ನು ಬಾಯಲ್ಲೇ ಮೆಲ್ಲಗೆ ತಿರುವಿ ತಿರುವಿ ಕಲಿತರು. ಆಮೇಲೆ ಲಾಯದ ಕಡೆ ಕೈ ತೋರಿಸಿ, "ಅವನು ಬುಡು ಅಂತಾನೆ. ನೀವು ಬಿಡಿ ಅಂತೀರಿ. ಯಾವುದು ಸರಿ?" ಅಂತ ಕೇಳಿದರು. ಅವನು ಅಂದರೆ ಕುದುರೆ ನೋಡಿಕೊಳ್ಳುತ್ತಿದ್ದ ನಮ್ಮೂರಿನ ಆಳು, ನಲವತ್ತು ದಾಟಿದ ಗಟ್ಟಿ ಆಸಾಮಿ. ಎರಡೂ ಒಂದೇ, ಆದರೆ ಬಿಡಿ ಅನ್ನೋದು ಮರ್ಯಾದೆ ಅಂದೆ. "ಮರ್ಯಾದೆ ಬೇಡ. ಕೇಳಿದ ತಕ್ಷಣ ಕೈ ಬಿಡಬೇಕು, ಅಂಥದು ಬೇಕು" ಅಂದರು. ಹಾಗಾಗಿ ಬುಡು ಅಂತಲೇ ಕಲಿತರು.

ಯಾಕೆ ಅಂತ ಆ ವಾರವೇ ತಿಳಿಯಿತು. ಪಾಠ ನಡೆಯುತ್ತಿದ್ದದ್ದು ವರಾಂಡಾದಲ್ಲಿ. ನನ್ನ ಕುರ್ಚಿ ಲಾಯದ ಅಂಗಳಕ್ಕೆ ಮುಖ ಮಾಡಿತ್ತು. ಅಂಗಳದ ನಡುವೆ ಎದೆಮಟ್ಟದ ಒಂದು ಮರದ ಅಡ್ಡಗೋಡೆ, ಅದಕ್ಕೆ ಗೋಣಿಚೀಲ ಹೊಲಿದಿದ್ದರು. ಒಂದು ಕಡೆ ಹೆಣ್ಣುಕುದುರೆಯನ್ನು ತಂದು ನಿಲ್ಲಿಸಿದರು. ಇನ್ನೊಂದು ಕಡೆಯಿಂದ ಆಳು ಒಂದು ಬಿಳಿ ತಟ್ಟುವನ್ನು, ಗಿಡ್ಡ ಜಾತಿಯ ಗಂಡುಕುದುರೆಯನ್ನು, ಹಿಡಿದುಕೊಂಡು ಬಂದ. ಎತ್ತಿಗಿಂತ ಅಷ್ಟೇನೂ ಎತ್ತರವಿಲ್ಲ. ದಪ್ಪ ಕುತ್ತಿಗೆ, ಕಣ್ಣಿನ ಮೇಲೆ ಬೀಳುವ ಜೂಲು. ತಟ್ಟು ಗೋಡೆಯ ಮೇಲಿನಿಂದ ಕುತ್ತಿಗೆ ಚಾಚಿ ಆ ಹೆಣ್ಣಿನ ಮೂತಿ ಮೂಸಿತು, ಕಿವಿ ಕಚ್ಚಿತು, ಮೈಯೆಲ್ಲ ನಡುಗಿಸಿಕೊಂಡು ಕೆನೆಯಿತು. ಹೆಣ್ಣು ಮೊದಲು ಒದೆಯಿತು, ಒದೆ ಗೋಡೆಗೆ ದಬ್ ಅಂತ ಬಿತ್ತು. ಸ್ವಲ್ಪ ಹೊತ್ತಿಗೆ ಸುಮ್ಮನಾಗಿ ಬಾಲ ಪಕ್ಕಕ್ಕೆ ಸರಿಸಿ ನಿಂತಿತು. ಮೇಜರ್ "ಸಾಕು" ಅಂದರು. ಆಳು ತಟ್ಟುವಿನ ಬಾಯಿಗೆ ಹಾಕಿದ್ದ ಸರಪಳಿ ಜಗ್ಗಿ ಹಿಂದಕ್ಕೆ ಎಳೆದ. ಅದು ಬರಲಿಲ್ಲ. ಇನ್ನೊಬ್ಬ ಬಂದು ಮೂಗಿನ ಮೇಲೆ ಕೋಲಿನಿಂದ ಹೊಡೆದ. ಬಾಯಲ್ಲಿ ನೊರೆಯ ಜೊತೆ ರಕ್ತ ಬಂತು. ಅದನ್ನು ಎಳೆದುಕೊಂಡು ಹೋದ ಮೇಲೆ ದೊಡ್ಡ ಗಂಡುಕುದುರೆ ಬಂತು.

ನನಗೆ ಮದುವೆಯಾಗಿರಲಿಲ್ಲ. ತಲೆ ತಗ್ಗಿಸಿಕೊಂಡು ಕೂತೆ. ಆಕೆ, "ನೋಡಿ. ಇದಕ್ಕೆ ಏನಂತಾರೆ ಕನ್ನಡದಲ್ಲಿ?" ಅಂದರು.

ಕನ್ನಡದಲ್ಲಿ ಅದಕ್ಕೆ ಹೆಸರಿರಲಿಲ್ಲ. ಅವರೆಲ್ಲ ಟೀಸರ್ ಅನ್ನುತ್ತಿದ್ದರು. ದೊಡ್ಡ ಗಂಡು ಬೆಲೆಬಾಳುವಂಥದು, ಹೆಣ್ಣು ಬೆದೆಗೆ ಬಂದಿದೆಯೋ ಇಲ್ಲವೋ ಗೊತ್ತಾಗದೆ ಹತ್ತಿರ ಬಿಟ್ಟರೆ ಒದೆ ತಿಂದು ಕಾಲು ಮುರಿದುಕೊಳ್ಳಬಹುದು. ಅದಕ್ಕೇ ಮೊದಲು ಒಂದು ಬೆಲೆಯಿಲ್ಲದ ತಟ್ಟುವನ್ನು ತಂದು ಪರೀಕ್ಷೆ ಮಾಡುವುದು. ಒದೆಯೆಲ್ಲ ಅದಕ್ಕೆ. ಹೆಣ್ಣು ಒಪ್ಪಿದ ಗಳಿಗೆಯಲ್ಲಿ ಅದನ್ನು ಎಳೆದುಹಾಕುವುದು. ಬೆದೆಯ ಕಾಲದಲ್ಲಿ ದಿನಾ ಬೆಳಿಗ್ಗೆ ಇದೇ ಕೆಲಸ. ಎಲ್ಲ ಫಾರಂನಲ್ಲೂ ಇರುತ್ತೆ ಟೀಚರ್, ಇದೇನ್ ಹೊಸದಲ್ಲ ಅಂತ ಆಳು ಆಮೇಲೆ ನನಗೆ ಹೇಳಿದ.

ಈ ಬೆಲೆಯಿಲ್ಲದ ತಟ್ಟು ಆಕೆಯ ತವರಿನದು. ಆಕೆಯ ಅಪ್ಪ ಪೋಲೋ ಆಡುತ್ತಿದ್ದವರು, ಮನೆಯಲ್ಲೇ ತಟ್ಟುಗಳನ್ನು ಸಾಕಿದವರು. ಮಗಳು ಅಷ್ಟು ದೂರ ಹೋಗುತ್ತಾಳೆ ಅಂತ ಒಂದು ಗಂಡುಮರಿಯನ್ನು ಕೊಟ್ಟು ಕಳಿಸಿದ್ದರು. ಮೇಜರರ ಸಾಮಾನಿನ ಜೊತೆ ಅದೂ ರೈಲಿನಲ್ಲಿ ಬಂದಿತ್ತು.

ಆ ಕುದುರೆಯ ಕಥೆಯನ್ನು ಆಕೆ ನನಗೆ ಅರ್ಧ ಹಿಂದಿ, ಅರ್ಧ ಹೊಸದಾಗಿ ಕಲಿತ ಕನ್ನಡದಲ್ಲಿ ಹೇಳಿದರು. ಅವರ ಮನೆಯಲ್ಲಿ ಹೇಳುತ್ತಿದ್ದ ರೀತಿ ಅದು, ಬೇರೆಯವರು ಬೇರೆ ಥರ ಹೇಳುತ್ತಾರಂತೆ. ಲೋಕ ಇನ್ನೂ ಹೊಸದಾಗಿದ್ದಾಗ ಸಮಾದೋನ್ ಅಯಾಂಗ್ಬ ಅಂತ ಒಂದು ಕುದುರೆ ಇತ್ತು. ಅದಕ್ಕೆ ರೆಕ್ಕೆ. ಗಾಳಿ ಹಿಂದೆ ಬೀಳಬೇಕು, ಅಂಥ ವೇಗ. ಅದು ಇಳಿದ ಕಡೆ ಮನುಷ್ಯರು ಉಳಿಯುತ್ತಿರಲಿಲ್ಲ. ಆಗ ಮಾರ್ಜಿಂಗ್ ಅನ್ನುವ ದೇವರು ಅದನ್ನು ಹಿಡಿದ, ರೆಕ್ಕೆ ಕತ್ತರಿಸಿದ, ಬೆನ್ನೇರಿದ. ಅವತ್ತಿನಿಂದ ಅದು ದೇವರ ಕುದುರೆ. ಕುದುರೆ ಮೇಲೆ ಕೂತು ಆಡುವ ಪೋಲೋ ಕೂಡ ಆ ದೇವರದ್ದೇ. ಅವರ ನಾಡಿನ ತಟ್ಟುಗಳೆಲ್ಲ ಅದರ ಮಕ್ಕಳು. ಇಂಫಾಲದ ಹತ್ತಿರ ಒಂದು ಗುಡ್ಡದ ಮೇಲೆ ಆ ದೇವರ ಜಾಗ ಇದೆ, ಜನ ಅಲ್ಲಿಗೆ ಕುದುರೆಯ ಬೊಂಬೆಗಳನ್ನು ತಂದು ಒಪ್ಪಿಸುತ್ತಾರೆ.

"ನಮ್ಮ ಅಪ್ಪ ಅವನ ಮುಂದೆ ಚಪ್ಪಲಿ ಹಾಕ್ತಿರಲಿಲ್ಲ" ಅಂದರು.

"ಕುದುರೆಗೆ ಅವನು ಅನ್ನಲ್ಲ, ಅದು ಅಂತೀವಿ" ಅಂತ ನಾನು ತಿದ್ದಿದೆ. ಪಾಠ ಹೇಳೋಕೆ ಬಂದವಳಲ್ಲವಾ. ಆಕೆ ಕೇಳಿಸಿಕೊಂಡರು, ಆದರೆ ತಿದ್ದಿಕೊಳ್ಳಲಿಲ್ಲ.

ಆಕೆ ಬೆಳಿಗ್ಗೆ ಸ್ನಾನ ಮಾಡಿ ಹೂವು, ಬಾಳೆಹಣ್ಣು ಹಿಡಿದು ಲಾಯಕ್ಕೆ ಹೋಗಿ ತಟ್ಟುವಿನ ಮುಂದೆ ಮಂಡಿಯೂರಿ ಬರುತ್ತಿದ್ದರು. ಅದಾಗಿ ಸ್ವಲ್ಪ ಹೊತ್ತಿಗೆ ಮೇಜರ್ ಅದನ್ನು ಗೋಡೆಗೆ ಕಳಿಸುತ್ತಿದ್ದರು. ಬೇರೆ ತಟ್ಟು ತರುವುದು ಅವರಿಗೆ ಕಷ್ಟವೇನೂ ಇರಲಿಲ್ಲ, ಕುಣಿಗಲ್ ಸುತ್ತ ಎಷ್ಟು ಬೇಕಾದರೂ ಸಿಗುತ್ತಿದ್ದವು. ಬೇಕಂತಲೇ ಮಾಡುತ್ತಿದ್ದರು. ಅವರ ನಡುವೆ ಮೊದಲು ಏನಾಗಿತ್ತೋ ನನಗೆ ಗೊತ್ತಿಲ್ಲ. ಮಕ್ಕಳಿರಲಿಲ್ಲ. ಮೇಜರ್ ಕೂಗಾಡುವ ಮನುಷ್ಯ ಅಲ್ಲ, ಹೊಡೆದದ್ದೂ ನಾನು ಕಾಣೆ. ನಗುನಗುತ್ತಲೇ ಮಾತಾಡುವರು.

ಒಂದು ದಿನ ಆಕೆ ನನ್ನೆದುರಿಗೇ ಕನ್ನಡದಲ್ಲಿ ಕೇಳಿದರು. ಎರಡು ದಿನ ಕೂತು ನಾವಿಬ್ಬರೂ ಕಟ್ಟಿದ ವಾಕ್ಯ. "ದಯವಿಟ್ಟು ಅವನನ್ನು ಆ ಕೆಲಸಕ್ಕೆ ಕಳಿಸಬೇಡಿ. ಅವನು ನಮ್ಮ ಅಪ್ಪ ಕೊಟ್ಟಿದ್ದು."

ಮೇಜರ್ ಪೂರ್ತಿ ಕೇಳಿ ನನ್ನ ಕಡೆ ತಿರುಗಿದರು. "ಟೀಚರ್, ಅವನನ್ನು ಅಲ್ಲ, ಅದನ್ನು. ಹೇಳ್ಕೊಟ್ಟಿಲ್ವಾ? ಅವನು ಅಂದ್ರೆ ಯಾರೋ ಗಂಡಸು ಅನ್ಕೊಂಡ್ಬಿಡ್ತಾರೆ." ಮತ್ತೆ ಹೆಂಡತಿಗೆ, "ಇನ್ನೊಂದ್ಸಲ ಹೇಳು, ಸರಿಯಾಗಿ" ಅಂದರು. ಆಕೆ ಹೇಳಲಿಲ್ಲ. ಮೇಜರ್ ಕಾದರು, ಆಮೇಲೆ ಪೇಪರ್ ತೆಗೆದುಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ತಟ್ಟುವನ್ನು ಎರಡು ಸಲ ಗೋಡೆಗೆ ತಂದರು. ಹೆಣ್ಣುಕುದುರೆಗಳು ಯಾವುವೂ ಬೆದೆಗೆ ಬಂದಿರಲಿಲ್ಲ, ಎರಡೂ ಸಲ ಬರೀ ಒದೆ ತಿಂದಿತು.

ಮೇಜರ್ ಬೆಂಗಳೂರಿಗೆ ಹೋಗಿದ್ದ ದಿನ ಅದು ನಡೆಯಿತು. ಆಳು ಒಂದು ಒಳ್ಳೆಯ ಹೆಣ್ಣುಕುದುರೆಯನ್ನು ಗೋಡೆಯಾಚೆ ನಿಲ್ಲಿಸಿ, ತಟ್ಟುವನ್ನು ತಂದು ತೋರಿಸಿ, ಇನ್ನೇನು ಎಳೆದುಕೊಳ್ಳಬೇಕು, ಆಕೆ ಕುರ್ಚಿಯಿಂದ ಎದ್ದು ಅಂಗಳಕ್ಕೆ ಇಳಿದರು. ಚಪ್ಪಲಿ ಇರಲಿಲ್ಲ. ಅಷ್ಟು ಜೋರು ದನಿ ಆಕೆಗಿದೆ ಅಂತ ನನಗೆ ಗೊತ್ತಿರಲಿಲ್ಲ.

"ಬುಡು" ಅಂದರು.

ಆಳು ಸರಪಳಿ ಬಿಟ್ಟ. ಆಮೇಲೆ ಎಷ್ಟು ಜನ ಕೇಳಿದರೂ ಅವನು ಒಂದೇ ಮಾತು ಹೇಳುತ್ತಿದ್ದ. "ಅಮ್ಮಾವ್ರು ಬುಡು ಅಂದ್ರು, ಬುಟ್ಟೆ. ಕೈ ತಾನಾಗೇ ಬುಡ್ತು."

ತಟ್ಟು ಗೋಡೆ ಸುತ್ತಿ ಆಚೆ ಹೋಯಿತು. ಹೆಣ್ಣು ಅದಕ್ಕಿಂತ ಬಲು ಎತ್ತರ. ಆದರೆ ಆ ಹೆಣ್ಣು ತಾನಾಗಿ ಹಿಂದೆ ಸರಿದು, ನೀರು ಹರಿಯುವ ಕಾಲುವೆಯ ತಗ್ಗಿನಲ್ಲಿ ಇಳಿದು ನಿಂತಿತು. ಆಳುಗಳು ನಗಲೂ ಇಲ್ಲ, ಅಡ್ಡ ಹೋಗಲೂ ಇಲ್ಲ. ನಾನು ಈ ಸಲ ತಲೆ ತಗ್ಗಿಸಲಿಲ್ಲ. ಮುಗಿದ ಮೇಲೆ ಆಕೆ ಹೋಗಿ ತಟ್ಟುವಿನ ಬೆವರನ್ನು ತಮ್ಮ ಮೇಲುಹೊದಿಕೆಯಿಂದ ಒರೆಸಿದರು.

ಸಂಜೆ ಮೇಜರ್ ಬಂದರು. ನಾನು ಹೊರಡೋಳಿದ್ದೆ, ಅಷ್ಟರಲ್ಲಿ ಆಕೆ ಬಾಗಿಲಲ್ಲೇ ಹೇಳಿಬಿಟ್ಟರು. "ನಾನೇ ಬಿಡಿಸಿದೆ."

ಮೇಜರ್ ಶೂ ಬಿಚ್ಚುತ್ತಾ ಕೇಳಿಸಿಕೊಂಡರು. "ಪಾಠ ಚೆನ್ನಾಗಿ ಆಗಿದೆ ಟೀಚರ್" ಅಂದರು. ಅಷ್ಟೇ. ತುಮಕೂರಿನಿಂದ ಬಂದ ಕುದುರೆ ಡಾಕ್ಟರು, ಗಬ್ಬ ನಿಲ್ಲದ ಹಾಗೆ ಇಂಜೆಕ್ಷನ್ ಕೊಡಬಹುದು ಅಂದಾಗ ಬೇಡ ಅಂದರು. "ಹುಟ್ಲಿ. ರೆಕ್ಕೆ ಇರುತ್ತಾ ನೋಡೋಣ."

ಡಾಕ್ಟರಿಗೆ ಬೇರೆ ಕೆಲಸ ಕೊಟ್ಟರು. ತಟ್ಟುವಿನ ಬೀಜ ತೆಗೆಯುವುದು. ಅದನ್ನು ಲಾಯದ ಹಿಂದೆ ಮಾಡುವುದು ವಾಡಿಕೆ. ಮೇಜರ್ ವರಾಂಡಾದ ಎದುರು ಮಾಡಿಸಿದರು. ಹೆಂಡತಿಗೆ ಒಂದು ಕುರ್ಚಿ ಹಾಕಿಸಿ ನನ್ನನ್ನೂ ಕೂರಿಸಿದರು. ಆಕೆ ಪೂಜೆಯ ದಿನ ಉಡುವ ತಿಳಿಗುಲಾಬಿ ಫನೆಕ್ ಉಟ್ಟು, ಬಿಳಿ ಹೊದಿಕೆ ಹೊದ್ದು ಬಂದು ಕೂತರು. ತಟ್ಟುವಿಗೆ ಇಂಜೆಕ್ಷನ್ ಕೊಟ್ಟರು, ಕಾಲು ಕಟ್ಟಿದರು, ಬೀಳಿಸಿದರು. ಇಂಜೆಕ್ಷನ್ ಪೂರ್ತಿ ಹಿಡಿದಿರಲಿಲ್ಲ ಅಂತ ಕಾಣುತ್ತೆ. ಅದರ ಕಣ್ಣು ನಮ್ಮ ಕಡೆಗೇ ಇತ್ತು.

ಮೇಜರ್ ಹೆಂಡತಿಯ ಕುರ್ಚಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಕತ್ತರಿಸಿದ ಮೇಲೆ ತಾನೇ ನಿಮ್ಮ ದೇವರು ಹತ್ತಿದ್ದು?" ಅಂದರು. ಮೆಲ್ಲಗೆ, ಸಮಾಧಾನ ಹೇಳುವವರ ಹಾಗೆ.

ಆಕೆ ಅಳಲಿಲ್ಲ. ಡಾಕ್ಟರು ಕೈ ತೊಳೆಯುವವರೆಗೂ ಕೂತಿದ್ದು ಎದ್ದು ಒಳಗೆ ಹೋದರು. ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ. ಅಮ್ಮ ಏನಾಯ್ತು ಅಂತ ಕೇಳಿದಳು. ಹೇಳೋಕೆ ನಾಚಿಕೆಯಾಯಿತು, ಹೊಟ್ಟೆನೋವು ಅಂದೆ.

ಗಾಯ ಮಾಗಿತು. ತಟ್ಟು ಕೊಬ್ಬಿತು, ಸಾಧುವಾಯಿತು. ಮೇಜರರ ಮನೆಗೆ ಬರುವ ನೆಂಟರ ಮಕ್ಕಳನ್ನು ಅದರ ಮೇಲೆ ಕೂರಿಸಿ ತೋಟದಲ್ಲಿ ತಿರುಗಿಸುತ್ತಿದ್ದರು. ಗೋಡೆಗೆ ಕುಣಿಗಲ್ ಕಡೆಯಿಂದ ಒಂದು ಕಂದು ತಟ್ಟು ಬಂತು. ಆಕೆ ಲಾಯಕ್ಕೆ ಹೂವು ಒಯ್ಯುವುದನ್ನು ನಿಲ್ಲಿಸಿದರು. ಒಂದು ದಿನ ಬಿಳಿ ತಟ್ಟು ವರಾಂಡಾದ ಮೆಟ್ಟಿಲ ತನಕ ಬಂದು ಆಕೆಯ ಕೈ ಮೂಸಿತು, ಬಾಳೆಹಣ್ಣಿನ ಅಭ್ಯಾಸಕ್ಕೆ. ಆಕೆ ಕೈ ಹಿಂದಕ್ಕೆ ತೆಗೆದುಕೊಂಡು ಆಳನ್ನು ಕೂಗಿ, "ಅದನ್ನ ಕಟ್ಟಾಕು" ಅಂದರು.

ನಾನು ಪುಸ್ತಕದಿಂದ ತಲೆಯೆತ್ತಿ ನೋಡಿದೆ. ವ್ಯಾಕರಣ ಸರಿಯಾಗಿತ್ತು.

ಒಂದು ಸಲ ಊಟದ ಹೊತ್ತಿನಲ್ಲಿ ಆಕೆ ಗಂಡನಿಗೆ, ಅದಕ್ಕೆ ಗುಂಡು ಹೊಡೆದುಬಿಡಿ ಅಂದರು. ಮೇಜರ್ ಹತ್ತಿರ ಬಂದೂಕಿತ್ತು. "ಯಾಕೆ? ಚೆನ್ನಾಗಿ ತಿನ್ಕೊಂಡಿದೆ. ಪ್ರಾಣಿಹಿಂಸೆ ಮಾಡ್ಬಾರ್ದು" ಅಂತ ಮೊಸರು ಬಡಿಸಿಕೊಂಡರು.

ಮುಂದಿನ ವರ್ಷ ಚಳಿ ಮುಗಿಯುವ ಹೊತ್ತಿಗೆ ಮರಿ ಹುಟ್ಟಿತು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಎದ್ದು ನಿಂತು ಹಾಲು ಕುಡಿದಾಗಿತ್ತು. ಗಂಡು. ಕಪ್ಪುಗಂದು ಬಣ್ಣ. ಆದರೆ ಆಳು ಅದರ ಕಣ್ಣಿನ ಸುತ್ತ ಇದ್ದ ಬಿಳಿ ಕೂದಲು ತೋರಿಸಿ, "ಬೆಳೀತಾ ಬೆಳೀತಾ ಅಪ್ಪನಂಗೇ ಬೆಳ್ಳಗಾಯ್ತದೆ" ಅಂದ. ಮೇಜರ್ ಹೆಂಡತಿಯನ್ನು ಕರೆಸಿ, ಅವರ ಮುಂದೆ ಮರಿಯ ಭುಜದ ಮೇಲೆಲ್ಲ ಕೈಯಾಡಿಸಿದರು. "ರೆಕ್ಕೆ ಇಲ್ಲ. ಇರ್ಲಿ. ಎರಡು ಮೂರು ವರ್ಷಕ್ಕೆ ಗೋಡೆಗೆ ರೆಡಿಯಾಗುತ್ತೆ. ಅಪ್ಪನ ಕೆಲಸ ಮಗನಿಗೆ."

ಅದೇ ವಾರ ಇನ್ನೊಂದು ಹೆಣ್ಣುಕುದುರೆ ಮರಿಹಾಕಿ ಸತ್ತಿತು. ಅದರ ಮರಿ ಅಸಲಿ ರೇಸ್ ಜಾತಿಯದು. ಮೇಜರ್ ಈ ತಾಯಿಯ ಕೆಳಗೆ ಆ ಮರಿಯನ್ನು ಬಿಟ್ಟು, ತಟ್ಟುವಿನ ಮರಿಯನ್ನು ಹುಲ್ಲಿನ ಕೊಟ್ಟಿಗೆಗೆ ಹಾಕಿಸಿದರು. ಆಳು ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಬೇಕು ಅಂತ ಏರ್ಪಾಡು. ತಾಯಿಗೆ ಇದರ ಕೂಗು ಕೇಳುತ್ತಿತ್ತು, ಲಾಯದ ಬಾಗಿಲಿಗೆ ಎದೆ ಒತ್ತಿಕೊಂಡು ನಿಂತಿರುತ್ತಿತ್ತು. ಇಷ್ಟು ಮಾಡಿ ಮೇಜರ್ ರೇಸಿಗೆ ಅಂತ ಬೆಂಗಳೂರಿಗೆ ಹೋದರು.

ಮರುದಿನ ನಾನು ಹೋದಾಗ ಆಳು ಬಾಟಲಿ ಹಿಡಿದುಕೊಂಡು ಕೊಟ್ಟಿಗೆಯ ಮುಂದೆ ನಿಂತಿದ್ದ. ಬಾಗಿಲಿಗೆ ಬೀಗ. ಆಕೆ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಹಾಲು ಬೇಡ" ಅಂದರು.

"ಅಮ್ಮಾವ್ರೇ, ಸತ್ತೋಯ್ತದೆ."

"ಗೊತ್ತು. ಹೋಗು."

ಒಳಗಿನಿಂದ ಚಪ್ಪರಿಸುವ ಸದ್ದು ಬರುತ್ತಿತ್ತು. ಮರಿ ಬಾಗಿಲಿನ ಹಲಗೆಯನ್ನು ಚೀಪುತ್ತಿತ್ತು. ನಾನು ಆಕೆಯ ಹತ್ತಿರ ಹೋಗಿ, ಕೀ ಕೊಡಿ ಅಂದೆ. ಆಕೆ ಕೀ ಸಿಕ್ಕಿಸಿದ್ದ ಸೊಂಟದ ಮಡಿಕೆಯ ಮೇಲೆ ಕೈ ಇಟ್ಟುಕೊಂಡರು. ಅವರ ಮುಖ ಬೂದಿಯ ಹಾಗಿತ್ತು. "ಬದುಕಿದರೆ ಗೋಡೆ. ಆಮೇಲೆ ಕತ್ತರಿ. ನೀವು ನೋಡಿದೀರಲ್ಲ."

"ಅದಕ್ಕೇ ಉಪವಾಸ ಸಾಯಿಸ್ತೀರಾ? ಪಾಪ ಅಲ್ವಾ ಇದು?"

"ಯಾವ ಪಾಪ ಹೇಳ್ತಿದೀರಿ?" ಅಂತ ಕೇಳಿದರು. ಕನ್ನಡದಲ್ಲಿ ಆ ಮಾತಿಗೆ ಎರಡು ಅರ್ಥ, ಕನಿಕರಕ್ಕೂ ಅದೇ, ಮಾಡಬಾರದ್ದು ಮಾಡಿದ್ದಕ್ಕೂ ಅದೇ. ನಾನೇ ಹೇಳಿಕೊಟ್ಟಿದ್ದೆ. ಬೀಗ ಒಡೀರಿ ಅಂತ ಆಳಿಗೆ ಹೇಳಿದೆ. ಅವನು ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, "ನಾನ್ ಬಡವ ಟೀಚರ್, ಇಬ್ರ ಮಧ್ಯ ನನ್ನ ತಳ್ಬೇಡಿ" ಅಂದ.

ನಾಳೆಯಿಂದ ಬರಲ್ಲ ಅಂತ ಆಕೆಗೆ ಹೇಳಿದೆ. ಆಕೆ ತಲೆಯಾಡಿಸಿದರು. "ಸರಿ. ಕನ್ನಡ ಬಂತಲ್ಲ."

ಮರಿ ಮೂರನೇ ದಿನ ಸತ್ತಿತಂತೆ. ಆಕೆ ಅಲ್ಲಿಂದ ಏಳಲಿಲ್ಲವಂತೆ. ಆಕೆಯೂ ಊಟ ಬಿಟ್ಟಿದ್ದರು ಅಂತ ಕೆಲವರು, ಚೆನ್ನಾಗಿ ತಿಂದುಕೊಂಡೇ ಕೂತಿದ್ದರು ಅಂತ ಕೆಲವರು. ಮೇಜರ್ ಬಂದು ಕೊಟ್ಟಿಗೆಯೊಳಗೆ ನೋಡಿ, ಯಾರು ಅಂತ ಕೇಳಿದರಂತೆ. "ನಾನೇ" ಅಂದರಂತೆ ಆಕೆ. ಮೇಜರ್ ಆ ದಿನ ಒಬ್ಬರೇ ಕೂತು ಊಟ ಮಾಡಿದರಂತೆ.

ಇದನ್ನೆಲ್ಲ ನನಗೆ ಹೇಳಿದ್ದು ಆ ಆಳು, ಎಷ್ಟೋ ವರ್ಷದ ಮೇಲೆ. ಆಗ ನಾನು ತುಮಕೂರಿಗೆ ಮದುವೆಯಾಗಿ ಬಂದಿದ್ದೆ, ಕೋರದ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಗಂಡನಿಗೆ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಅವರು ಮರೆತುಹೋಗಿದ್ದ ಟಿಫಿನ್ ಕೊಡೋಕೆ ಹೋದಾಗ ಗೇಟಿನಲ್ಲಿ ಯೂನಿಫಾರಂ ಹಾಕಿಕೊಂಡು ನಿಂತಿದ್ದವನು ಅವನೇ. ಮುದುಕನಾಗಿದ್ದ. ಮೇಜರ್ ಹೃದಯಾಘಾತದಿಂದ ತೀರಿಕೊಂಡರು, ಈಗ ಫಾರಂ ಅಮ್ಮಾವ್ರದ್ದೇ ಅಂದ.

"ಮರಿ ಸತ್ತ ಮ್ಯಾಕೆ ಸಾಹೇಬ್ರು ಅವ್ರ ಮುಂದೆ ಜೋರಾಗಿ ಉಸುರೂ ಬುಡ್ತಿರ್ಲಿಲ್ಲ ಟೀಚರ್. ಲಾಯದ ಲೆಕ್ಕವೆಲ್ಲ ಅಮ್ಮಾವ್ರ ಕೈಗೇ ಹೋಯ್ತು. ನನ್ನ ಕೆಲಸದಿಂದ ತೆಗೆದೋರೂ ಅವ್ರೇಯ."

"ಯಾಕೆ?"

"ಕೈ ಬೇಗ ಬುಡ್ತೀಯ ಅಂದ್ರು."

ಅವನು ನಗುತ್ತಾನೇನೋ ಅಂತ ನೋಡಿದೆ. ನಗಲಿಲ್ಲ.

ಬೇಸಿಗೆ ರಜೆಯಲ್ಲಿ ತವರಿಗೆ ಹೋದಾಗ ಮಗಳನ್ನು ಕರೆದುಕೊಂಡು ಒಂದು ದಿನ ಫಾರಂಗೆ ಹೋದೆ. ಯಾಕೆ ಹೋದೆನೋ, ನೋಡಬೇಕು ಅನ್ನಿಸಿತು. ಲಾಯಕ್ಕೆ ಹೊಸ ಶೀಟು ಹಾಕಿಸಿದ್ದರು. ಆಕೆ ಪ್ಯಾಂಟು, ಮೊಳಕಾಲಿನ ತನಕ ಬೂಟು ಹಾಕಿಕೊಂಡು ವರಾಂಡಾದಲ್ಲಿ ನಿಂತಿದ್ದರು, ಕೂದಲು ಕತ್ತರಿಸಿದ್ದರು. ಅಂಗಳದಲ್ಲಿ ಕಂದು ತಟ್ಟು ಗೋಡೆಯ ಮೇಲೆ ಕುತ್ತಿಗೆ ಚಾಚಿತ್ತು. ಆಕೆ ಕಣ್ಣು ಕದಲಿಸದೆ ಹೆಣ್ಣಿನ ಬಾಲ ನೋಡುತ್ತಿದ್ದರು. "ಇನ್ನೂ ಇಲ್ಲ ಕಣ್ರೋ, ಇರ್ಲಿ, ಇರ್ಲಿ. ಹಾಂ, ಈಗ ಎಳ್ಕೊಳಿ" ಅಂದರು. ಆಳುಗಳು ಎಳೆದರು. ಕೋಲು ಬಿತ್ತು. ನಾನು ಮಗಳ ಮುಖವನ್ನು ನನ್ನ ಸೀರೆಗೆ ಒತ್ತಿ ಹಿಡಿದೆ.

ನನ್ನನ್ನು ಕಂಡು ಆಕೆಗೆ ನಿಜವಾಗಿ ಸಂತೋಷವಾಯಿತು. ಟೀ ತರಿಸಿದರು. ನಮ್ಮಮ್ಮನ ಆರೋಗ್ಯ ಕೇಳಿದರು. ನಮ್ಮೂರ ಕನ್ನಡ ನನಗಿಂತ ಅವರ ಬಾಯಲ್ಲಿ ಗಟ್ಟಿಯಾಗಿತ್ತು. ಬಿಳಿ ತಟ್ಟು ಎಲ್ಲಿ ಅಂದೆ.

"ಹೋದ ಮಳೆಗಾಲದಲ್ಲಿ ಸತ್ತೋಯ್ತು. ಹಲ್ಲೆಲ್ಲ ಬಿದ್ದೋಗಿತ್ತು."

"ಊರಿಗೆ ಹೋಗ್ಬೇಕು ಅನ್ಸಲ್ವಾ ನಿಮ್ಗೆ?"

"ಅಲ್ಲಿ ಮನೆ ನನ್ನ ತಮ್ಮಂದು. ಇಲ್ಲಿ ಇದು ನಂದು" ಅಂದು ಅಂಗಳದ ಕಡೆ ನೋಡಿದರು. ಆಮೇಲೆ ಆಕೆಯೇ ಹೇಳಿದರು, "ನೀವು ಆವತ್ತು ಎದ್ದು ಹೋದ್ರಲ್ಲ, ನಂಗೆ ಕೋಪ ಬರ್ಲಿಲ್ಲ. ಎದ್ದು ಹೋಗೋಕೆ ಜಾಗ ಇದ್ದವ್ರು ಹೋಗ್ತಾರೆ."

ಮಗಳು ಅಲ್ಲೇ ಕಟ್ಟಿದ್ದ ಒಂದು ಮರಿಯನ್ನು ಮುಟ್ಟಲು ಹೋದಳು. ಆಕೆ ಅವಳ ಕೈ ಹಿಡಿದು ಪಕ್ಕಕ್ಕೆ ತಂದರು, ಗಟ್ಟಿಯಾಗೇ ಹಿಡಿದಿರಬೇಕು, ಮಣಿಕಟ್ಟು ಕೆಂಪಾಗಿತ್ತು. "ಬೇಡಮ್ಮ. ಮುದ್ದು ಮಾಡಿದ್ರೆ ಕೆಡ್ತವೆ." ಹೊರಡುವಾಗ ಒಂದು ಚೀಲ ತುಂಬ ತೆಂಗಿನಕಾಯಿ ಹಾಕಿಸಿ, ಜೀಪಿನಲ್ಲಿ ಬಸ್‌ಸ್ಟಾಪಿಗೆ ಬಿಟ್ಟುಬರಲು ಡ್ರೈವರಿಗೆ ಹೇಳಿದರು.

ಸ್ಟಾಪಿನಲ್ಲಿ ಇಳಿಯುವಾಗ ಮಗಳು, "ಅಮ್ಮಾ, ಆ ಆಂಟಿ ಒಳ್ಳೆಯವ್ರಾ?" ಅಂತ ಕೇಳಿದಳು. ಡ್ರೈವರು ಗೇರಿನ ಮೇಲೆ ಕೈ ಇಟ್ಟುಕೊಂಡು, ನಾನು ಏನು ಹೇಳುತ್ತೇನೆ ಅಂತ ಕಾಯುತ್ತಿದ್ದ. ನಾನು ತೆಂಗಿನಕಾಯಿ ಚೀಲ ಇಳಿಸಿಕೊಳ್ಳುತ್ತಾ, "ನಡಿ, ಬಸ್ ಬಂತು" ಅಂದೆ. ರಸ್ತೆ ಖಾಲಿಯಿತ್ತು. ಬಿಸಿಲಿನಲ್ಲಿ ನಾವು ಬಹಳ ಹೊತ್ತು ನಿಂತಿದ್ದೆವು.